ಬೀಡಿ ಕಾಗದದಷ್ಟು ಸಂದು

“ಅಲ್ಲಾಡ್ಬೇಡಿ ಅಂದ್ನಲ್ಲ! ಕೂತ್ಕೊಳ್ಳಿ ಅಂದ್ರೆ ಕೂತ್ಕೋಬೇಕು. ಹೆಣ್ಣು ನೋಡೋಕೆ ಬಂದೋರ ಥರ ಆ ಕಡೆ ಈ ಕಡೆ ಕತ್ತು ತಿರುಗಿಸೋದಲ್ಲ!”

ಗ್ಯಾರೇಜಿನ ಗುಂಡಿಯೊಳಗಿಂದ ನಾನು ಕೂಗಿದ ರಭಸಕ್ಕೆ ಮೇಲೆ ಡ್ರೈವರ್ ಸೀಟಿನಲ್ಲಿದ್ದ ಶ್ರೀಹರಿ ತೆಪ್ಪಗಾದ. ಕಾರಿನ ಅಲುಗಾಟ ನಿಂತಿತು.

ನನ್ನ ಮೂಗಿನಿಂದ ಗೇಣು ದೂರಕ್ಕೆ ಆ ಹಳೇ ಕಾಂಟೆಸ್ಸಾದ ಹಿಂದಿನ ಆಕ್ಸಲ್ಲು. ಅದರ ನಡುವಿನ ದಪ್ಪ ಭಾಗಕ್ಕೆ ಬೈರಯ್ಯನ ರಕ್ತ ಗ್ರೀಸಿನ ಜೊತೆ ಸೇರಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಒಂದು ಕೂದಲೂ ಇತ್ತು, ಬಿಳಿಯದು. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಸೋಮವಾರ ಸಂಜೆ ಚಾಮರಾಜಪೇಟೆಯ ಇದೇ ಗ್ಯಾರೇಜಿನಲ್ಲಿ ಈ ಕಾರು ಜಾಕ್‌ನಿಂದ ಜಾರಿ ಮೆಕ್ಯಾನಿಕ್ ಬೈರಯ್ಯನ ಎದೆಯ ಮೇಲೆ ಕೂತಿತು. ಜಾರಿಸಿದವನು ಅವನ ಜೊತೆ ಕೆಲಸ ಮಾಡುವ ಅಮರ್ ಎಂದು ಪೊಲೀಸರ ತೀರ್ಮಾನ. ಅಮರ್ ನನ್ನ ತಂಗಿಯ ಮಗ. ಹೆಣದ ಪಕ್ಕ ಮೈತುಂಬಾ ರಕ್ತ ಮಾಡಿಕೊಂಡು ಕೂತಿದ್ದವನನ್ನು ಬೀದಿಯ ಜನ ಹಿಡಿದು, ಪೊಲೀಸರು ಬರುವಷ್ಟರಲ್ಲಿ ಎರಡು ಹಲ್ಲು ಉದುರಿಸಿ, ಒಂದು ಕಣ್ಣು ಮುಚ್ಚಿಹೋಗುವ ಹಾಗೆ ಚಚ್ಚಿದ್ದರು.

ಅವನು ಕೊಂದಿಲ್ಲ ಅನ್ನುವುದಕ್ಕೆ ಈ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಒಂದೇ. ಅದು ಈಗ ನನ್ನ ತಲೆಯ ಮೇಲಿತ್ತು. ಒಂದು ಬೀಡಿ ಕಾಗದ ತೂರುವಷ್ಟು ಸಂದು.

“ಏನ್ ಮೇಡಂ, ಸಿಕ್ತಾ ಏನಾದ್ರೂ?”

ಇನ್‌ಸ್ಪೆಕ್ಟರ್ ಬಸವಪ್ರಭು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. ರಿಟೈರ್ ಆಗುವ ಮುಂಚೆ ನಾನು ಎಎಸ್‌ಐ ಆಗಿದ್ದಾಗ ಅವನಿನ್ನೂ ಹೊಸಬ. ಲಾಠಿ ಎಲ್ಲಿ ಬೀಸಬೇಕು, ಎಲ್ಲಿ ಬೀಸಬಾರದು ಅನ್ನುವುದನ್ನು ನಾನೇ ಹೇಳಿಕೊಟ್ಟಿದ್ದು. ಆ ಋಣಕ್ಕೆ, ಠಾಣೆಯ ಕ್ರೇನ್ ಬರುವವರೆಗೆ ಕಾರನ್ನು ನನಗೆ ಬಿಟ್ಟುಕೊಟ್ಟಿದ್ದ.

“ಪಾರ್ವತಮ್ಮ ಗುಂಡಿಗೆ ಇಳಿದ್ಮೇಲೆ ಸಿಗದೆ ಇರತ್ತಾ? ಸ್ವಲ್ಪ ತಡ್ಕೊಳ್ಳಿ.”

“ತಡ್ಕೋಬೋದು. ಕ್ರೇನ್ ತಡ್ಕೊಳಲ್ಲ. ಕಲಾಸಿಪಾಳ್ಯ ದಾಟಿದೆಯಂತೆ.”

ಕ್ರೇನಿನವರು ಸರಪಳಿ ಸುತ್ತುವುದು ಹಿಂದಿನ ಆಕ್ಸಲ್ಲಿಗೇ. ಒಂದು ಸಲ ಜಗ್ಗಿದರೆ ನನ್ನ ಸಂದು ಹೋಯಿತು, ಅಮರ್‌ನ ಬಾಳೂ ಹೋಯಿತು.

ಆ ಸಂದು ಇರುವುದು ಟ್ರ್ಯಾಕ್ಷನ್ ಬಾರ್ ಎಂಬುದರ ತುದಿಯಲ್ಲಿ, ಅದರ ಪುರಾಣ ನನಗೆ ಬಾಯಿಪಾಠ. ಅಮರ್ ಊಟಕ್ಕೆ ಕೂತರೂ ಅದೇ ಮಾತು. ಸೌಟನ್ನು ಅಡ್ಡ ಹಿಡಿದು, “ದೊಡ್ಡಮ್ಮ, ಇದು ಹಿಂದಿನ ಕಮಾನ್ ಪಟ್ಟಿ ಅಂದ್ಕೊಳ್ಳಿ. ದೊಡ್ಡ ಎಂಜಿನ್ ಹಾಕಿ ಒಂದೇ ಸಲ ರೇಸ್ ಕೊಟ್ರೆ ಆಕ್ಸಲ್ ತಿರುಚ್ಕೊಳತ್ತೆ, ಪಟ್ಟಿ ಬಳುಕತ್ತೆ, ಚಕ್ರ ರೋಡ್ ಹಿಡಿಯೋದು ಬಿಟ್ಟು ಕುಪ್ಪಳಿಸತ್ತೆ. ಅದಕ್ಕೇ ಪಟ್ಟಿ ಕೆಳಗೆ ಒಂದು ಉಕ್ಕಿನ ಬಾರ್ ಕಟ್ತೀವಿ. ಅದರ ತುದೀಲಿರೋ ರಬ್ಬರ್ ಪಟ್ಟಿಯ ಮುಂದಿನ ಉಂಗುರಕ್ಕೆ ಆನ್ಕೊಂಡು ಬಳುಕದ ಹಾಗೆ ತಡೆಯತ್ತೆ” ಅನ್ನುತ್ತಿದ್ದ. ಸಾರು ಆರಿಹೋಗುತ್ತಿತ್ತು, ಅವನ ಅಮ್ಮ ಬೈಯುತ್ತಿದ್ದಳು.

ರಬ್ಬರಿಗೂ ಉಂಗುರಕ್ಕೂ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವುದರಲ್ಲೇ ಬೈರಯ್ಯನ ಹೆಸರು ಇದ್ದದ್ದು. ಎಡಗಡೆ ಒಂದು ಬೆರಳು. ಬಲಗಡೆ ಬೀಡಿ ಕಟ್ಟಿನ ಕಾಗದ, ಹಿಡಿದೂ ಹಿಡಿಯದ ಹಾಗೆ. ಕಾರು ಚಿಮ್ಮುವಾಗ ಬಲ ಚಕ್ರ ಹಗುರಾಗುತ್ತದಂತೆ, ಅದಕ್ಕೆ ಆ ಕಡೆ ಸಂದು ಕಡಿಮೆ.

ಆ ಅಳತೆ ಹಿಡಿಯುವಾಗ ಕಾರು ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಓಡಿಸುವವರು ಸೀಟಿನಲ್ಲಿ ಕೂತಿರಬೇಕು. ಭಾರ ಬಿದ್ದರೆ ಪಟ್ಟಿ ಚಪ್ಪಟೆಯಾಗಿ ಸಂದು ಕಿರಿದಾಗುತ್ತದೆ, ಭಾರ ಇಳಿದರೆ ಅಗಲವಾಗುತ್ತದೆ. ಓಡಿಸುವವರು ಬಾರದೆ ಬೈರಯ್ಯ ನಟ್ಟು ಮುಟ್ಟುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ವಾರ್ನಿಷಿನಲ್ಲಿ ಕಲಸಿದ ಕುಂಕುಮದಿಂದ ನಟ್ಟಿನ ಮೇಲೆ ಒಂದು ಬೊಟ್ಟಿಡುತ್ತಿದ್ದ. ದೇವರಿಗೂ ಆಯಿತು, ಬೇರೆಯವರು ನಟ್ಟು ತಿರುಗಿಸಿದರೆ ಬೊಟ್ಟು ಒಡೆದು ಕಳ್ಳ ಸಿಕ್ಕಿಬೀಳುವುದೂ ಆಯಿತು.

ಈಗ ಎರಡೂ ಕಡೆ ಬೊಟ್ಟು ಚೂರೂ ಒಡೆದಿರಲಿಲ್ಲ.

ಅಂದರೆ ಸಾಯುವ ಮುಂಚೆ ಬೈರಯ್ಯ ಈ ಬಾರ್‌ಗಳನ್ನು ಹೊಂದಿಸಿ ಮುಗಿಸಿದ್ದ. ಯಾರನ್ನೋ ಸೀಟಿನಲ್ಲಿ ಕೂರಿಸಿಕೊಂಡೇ ಹೊಂದಿಸಿದ್ದ. ಕೆಲಸ ಮುಗಿಸಿ ಬೊಟ್ಟಿಟ್ಟ ಮನುಷ್ಯ ಅದೇ ಸ್ಪ್ಯಾನರ್ ಹಿಡಿದು, ಈ ಗುಂಡಿ ಬಿಟ್ಟು ಯಾವತ್ತೂ ಬಳಸದ ಜಾಕ್ ಹಾಕಿ, ಮತ್ತೆ ಕಾರಿನ ಕೆಳಗೆ ಯಾಕೆ ಮಲಗುತ್ತಾನೆ?

“ಮಲಗಿಲ್ಲ, ಮಲಗಿಸಿದಾರೆ,” ಅಂದೆ ಗುಂಡಿಯೊಳಗಿಂದ. “ಸಾಹೇಬ್ರೇ, ಪೋಸ್ಟ್‌ಮಾರ್ಟಂ ಡಾಕ್ಟ್ರು ಹೇಳಿದ್ದು ಈ ಕಾರಿನೋರಿಬ್ರಿಗೂ ಒಂದ್ಸಲ ಹೇಳಿ. ಕೇಳಿಸ್ಕೊಳ್ಲಿ.”

ಬಸವಪ್ರಭು ಗಂಟಲು ಸರಿಮಾಡಿಕೊಂಡ. “ತಲೆ ಹಿಂದೆ ಚೌಕಾಕಾರದ ಗಾಯ. ಎಡಗೈಯಲ್ಲಿ ಮೂರು ಬೆರಳು ಮುರಿದಿವೆ. ಒಂದಾದ್ಮೇಲೆ ಒಂದು, ಹಿಂದಕ್ಕೆ ಮಡಚಿ. ಜೀವ ಇರೋವಾಗ್ಲೇ.”

“ಕಾರು ಬಿದ್ರೆ ಎದೆ ಒಡೆಯತ್ತೆ. ಬೆರಳನ್ನ ಒಂದೊಂದಾಗಿ ಮಡಚಲ್ಲ. ಯಾರೋ ಏನೋ ಕೇಳಿದಾರೆ, ಅವನು ಹೇಳಿಲ್ಲ. ಪಾಪ, ಒಬ್ಬ ಮೆಕ್ಯಾನಿಕ್ ಹತ್ರ ಕೇಳೋದೇನಿತ್ತು?”

ನಾನು ಬಲಗಡೆಯ ರಬ್ಬರಿನ ಸಂದಿಗೆ ಕಾಗದ ತೂರಿಸಿದೆ. ಶ್ರೀಹರಿ ಕೂತಿದ್ದಾಗ ಕಾಗದ ಹಿಡಿಯಬೇಕು. ಹಿಡಿಯಲಿಲ್ಲ, ಜಾರಿ ನನ್ನ ಮುಖದ ಮೇಲೆ ಬಿತ್ತು. ಎಡಗಡೆ ಬೆರಳಿಟ್ಟೆ. ಬೆರಳು ಹೋಗಿ ಇನ್ನೂ ಜಾಗ ಉಳಿಯಿತು.

ಈ ಕಾರನ್ನು ರೇಸಿಗೆ ಓಡಿಸುವವನು ಶ್ರೀಹರಿಯೇ. ಕಡ್ಡಿಯಂಥ ಆಳು. ಅವತ್ತು ಕೂತಿದ್ದವನು ಇವನೇ ಅಂತ ನಾನು ಆಣೆ ಇಟ್ಟುಕೊಂಡು ಇಳಿದಿದ್ದೆ.

“ಆಯ್ತಾ ಮೇಡಂ? ನಾನು ಸೋಮವಾರ ಈ ಕಡೆ ತಲೇನೇ ಹಾಕಿಲ್ಲ ಅಂತ ಹೇಳಿರ್ಲಿಲ್ವಾ,” ಅಂದ ಶ್ರೀಹರಿ. ದನಿಯಲ್ಲಿ ಗೆಲುವು.

“ಇಳೀರಿ. ವಾದಿರಾಜ್, ಈಗ ನೀವು.”

ಕಾರಿನ ಮಾಲೀಕ ವಾದಿರಾಜ ಬಸವನಗುಡಿಯವನು. ಆನೆಮರಿಯಂಥ ಮೈ, ಬೆಣ್ಣೆಯಂಥ ಮಾತು. ಬೆಳಿಗ್ಗೆ ಬಂದವನಿಗೆ ನಾನು ನೀರಿನ ಬಾಟಲಿ ಕೊಟ್ಟರೆ, ನನ್ನ ಮನೆ ಶ್ರೀರಾಂಪುರದಲ್ಲಿ, ಇಂಥ ಬೀದಿ ಅಂತ ಕೇಳಿದ ಕೂಡಲೇ, “ಬಾಯಾರಿಕೆ ಇಲ್ಲ” ಅಂತ ಕೈ ಹಿಂದೆ ಕಟ್ಟಿಕೊಂಡಿದ್ದ. ಇಂಥ ಬಾಯಾರಿಕೆ ಇಲ್ಲದವರನ್ನು ನನ್ನ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

“ನಾನ್ಯಾಕೆ ಮೇಡಂ? ನಾನು ಮನೇಲಿದ್ದೆ. ಶ್ರೀಹರಿ ನನ್ ಜೊತೇನೇ ಇದ್ದ. ನನ್ ತಂಗಿ ಇಂಚರಾ ಇದ್ದಿದ್ರೆ ಅವಳೇ ಹೇಳೋಳು, ಮೈಸೂರಿಗೆ ಹೋಗಿದಾಳೆ.”

“ಫೋನ್ ಯಾಕೆ ಆಫ್ ಆಗಿದೆ ಅವಳ್ದು?”

“ಅತ್ತೆ ಮನೇಲಿ ಹಬ್ಬ. ಹುಡುಗೀರು, ಗೊತ್ತಲ್ಲ.”

ಈ ಕಾರು ಅವರ ತಂದೆಯದು. ಅಪ್ಪನ ಕಾರಿಗೆ ಕೈ ಹಚ್ಚಬೇಡ ಅಂತ ತಂಗಿ, ದೊಡ್ಡ ಎಂಜಿನ್ ಹಾಕಿ ಓಡಿಸ್ತೀನಿ ಅಂತ ಅಣ್ಣ, ಗ್ಯಾರೇಜಿನಲ್ಲೇ ಜಗಳವಾಗಿತ್ತೆಂದು ಬೀದಿಯವರು ಹೇಳಿದ್ದರು. ವಾದಿರಾಜ ಹೊರದೇಶದಿಂದ ಹಳದಿ ಬಣ್ಣದ ಬಾರ್‌ಗಳನ್ನು ತರಿಸಿದ್ದ. ಬೈರಯ್ಯ ಹಿಡಿದು ನೋಡಿ ಮೂಲೆಗೆಸೆದ. ಅಳತೆ ಗಿಡ್ಡ, ರಬ್ಬರು ಉಂಗುರಕ್ಕೆ ಆನುವ ಬದಲು ಪಟ್ಟಿಯ ಮಧ್ಯಕ್ಕೆ ಕುಟ್ಟಿ ಪಟ್ಟಿಯನ್ನೇ ಮುರಿಯುತ್ತದೆ ಅಂತ. ಕೊನೆಗೆ ತಾನೇ ಚೌಕ ಪೈಪು ಕತ್ತರಿಸಿ, ಈ ಕಾರಿನ ಉದ್ದಕ್ಕೆ ಸರಿಯಾಗಿ ಒಂದು ಜೋಡಿ ಮಾಡಿದ್ದ. ಈಗ ಮೂಲೆಯಲ್ಲಿ ಹಳದಿ ಬಾರ್ ಒಂದೇ ಇತ್ತು. ಅದರ ಜೊತೆಗಾರ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಬೈರಯ್ಯನ ತಲೆಯ ಗಾಯದಲ್ಲಿ ಹಳದಿ ಬಣ್ಣದ ಚಕ್ಕೆ ಸಿಕ್ಕಿತ್ತು.

“ಕೂತ್ಕೊಳ್ರೀ ವಾದಿರಾಜ್! ನಿಮ್ ಮೈ ಏನೂ ಸವೆಯಲ್ಲ.”

ಬಾಗಿಲು ದಢಾರೆಂದಿತು. ಕಾರಿನ ಬಲಭಾಗ ನನ್ನ ಕಣ್ಣೆದುರೇ ಇಳಿಯಿತು. ಕಾಗದ ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ, ಹರಿಯಿತು. ಇಷ್ಟು ಬಿಗಿ ಇಡುವವನಲ್ಲ ಬೈರಯ್ಯ. ಎಡಗಡೆ ನೋಡಿದರೆ ಬೆರಳು ಇನ್ನೂ ಸಡಿಲ.

ಅವನು ಹಗುರ, ಇವನು ಭಾರ. ಇಬ್ಬರೂ ಅಲ್ಲ.

ಹೊರಗೆ ಕ್ರೇನಿನ ಹಾರ್ನ್ ಕೇಳಿಸಿತು.

“ಮುಗೀತಲ್ಲ ಮೇಡಂ,” ಅಂದ ಬಸವಪ್ರಭು, ಮೆಲ್ಲಗೆ. “ಮನೆಗೆ ಹೋಗಿ. ಒಳ್ಳೆ ಲಾಯರ್ ನೋಡೋಣ. ಹುಡುಗ ಬಾಯೇ ಬಿಡ್ತಿಲ್ಲ, ನಾನಾದ್ರೂ ಏನ್ ಮಾಡ್ಲಿ? ಜೆ.ಸಿ. ರೋಡಿಗೆ ಪಟ್ಟಿಯ ರಬ್ಬರ್ ಬುಷ್ ತರೋಕೆ ಹೋಗಿದ್ದೆ ಅಂತಾನೆ. ಯಾರು ಕಳಿಸಿದ್ದು ಅಂದ್ರೆ ಗೋಡೆ ನೋಡ್ತಾನೆ. ಕಾರಿನ ಕೀ ಓನರ್ ಹತ್ರ ಇದ್ರೆ ಡಿಕ್ಕಿ ಕೀ ಮಾತ್ರ ಇವನ ಜೇಬಲ್ಲಿ ಸಿಕ್ತು. ಯಾಕೋ ಅಂದ್ರೆ ಅದಕ್ಕೂ ಮಾತಿಲ್ಲ.”

ನನಗೂ ಅದೇ ಉರಿ. ನಿನ್ನೆ ಆಸ್ಪತ್ರೆಯ ಮಂಚದ ಮೇಲೆ, ಊದಿದ ತುಟಿಯಲ್ಲಿ ಅಮರ್ ನನಗೆ ಹೇಳಿದ್ದು ಇಷ್ಟೇ: “ಕಾರಿನ ತಂಟೆಗೆ ಹೋಗ್ಬೇಡಿ ದೊಡ್ಡಮ್ಮ. ಇನ್ನೆರಡು ದಿನ ಸುಮ್ನಿದ್ಬಿಡಿ. ನಿಮ್ ಬಾಯಿಗೆ ಹೆದರ್ಕೊಂಡೇ ನಾನು ಏನೂ ಹೇಳಲ್ಲ.”

“ಎರಡು ದಿನದಲ್ಲಿ ನಿನ್ನ ಪರಪ್ಪನ ಅಗ್ರಹಾರಕ್ಕೆ ಕಳಿಸ್ತಾರೆ ಕಣೋ ಮುಠ್ಠಾಳ!” ಅಂತ ನರ್ಸ್ ಓಡಿಬರುವ ಹಾಗೆ ಕಿರುಚಿ ಬಂದಿದ್ದೆ. ಸಿಟ್ಟು ಬಂದರೆ ನನ್ನ ಬಾಯಿಗೆ ಬೀಗವಿಲ್ಲ, ಊರಿಗೇ ಗೊತ್ತು.

ಮನೆಯಲ್ಲಿ ತಂಗಿ ತಾಯಮ್ಮನದು ಇನ್ನೊಂದು ಕಥೆ. ಮಗ ಪೊಲೀಸ್ ಕಾವಲಲ್ಲಿದ್ದರೂ ಹೊತ್ತುಹೊತ್ತಿಗೆ ಅವನ ಪಾಲಿನ ಮುದ್ದೆ, ಸಾರು ತಟ್ಟೆಗೆ ಹಾಕಿ ಮಹಡಿಯ ಅವನ ಕೋಣೆಗೆ ಒಯ್ಯುತ್ತಾಳೆ. “ಅವನೇ ಉಣ್ಣೋ ಹಾಗೆ ಅನ್ಸತ್ತೆ ಕಣಕ್ಕ” ಅನ್ನುತ್ತಾಳೆ. ಮಂಡಿ ನೋವಿನ ನಾನು ಮಹಡಿ ಹತ್ತುವುದನ್ನು ಬಿಟ್ಟು ಕಾಲವಾಯಿತು. ಹೆತ್ತ ಕರುಳು, ಹುಚ್ಚು ಹಿಡಿಯದಿದ್ದರೆ ಸಾಕು ಅಂತ ಸುಮ್ಮನಿದ್ದೆ.

ಗುಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟವಳು ಹಾಗೇ ನಿಂತೆ.

ಸೀಟಿನಲ್ಲಿ ಯಾರು ಕೂತರೂ ಭಾರ ಬೀಳುವುದು ಬಲಕ್ಕೆ. ಎಡಗಡೆ ಬೆರಳು ಸಡಿಲವೇ ಉಳಿಯುತ್ತದೆ. ಎರಡೂ ಕಡೆ ಒಟ್ಟಿಗೆ ಇಳಿಯಬೇಕಾದರೆ ಭಾರ ಹಿಂದೆ ಇರಬೇಕು.

“ಸಾಹೇಬ್ರೇ, ಆ ಡಿಕ್ಕಿ ಕೀ ಎಲ್ಲಿದೆ?”

“ನನ್ನ ಹತ್ರಾನೇ ಇದೆ. ಯಾಕೆ?”

“ತೆಗೀರಿ ಡಿಕ್ಕಿ. ಶ್ರೀಹರಿ, ನೀವು ವಾಪಸ್ ಸೀಟಿಗೆ ಹತ್ರಿ. ಏಕಾಂತಯ್ಯ! ಆ ಮೂಲೇಲಿರೋ ಲಾರಿ ಬ್ಯಾಟರಿ ಒಂದು ಎತ್ತಿ ಡಿಕ್ಕಿಗೆ ಹಾಕಪ್ಪ.”

ಕಾನ್‌ಸ್ಟೇಬಲ್ ಏಕಾಂತಯ್ಯ ತೇಕುತ್ತಾ ಬ್ಯಾಟರಿ ತಂದಿಟ್ಟ. ಡಿಕ್ಕಿ ಖಾಲಿ, ಒಂದು ಹಳೇ ಜಮಖಾನ ಬಿಟ್ಟರೆ ಏನೂ ಇರಲಿಲ್ಲ. ಬಂಪರ್ ಹಿಡಿದು ಒಂದೆರಡು ಸಲ ಕುಲುಕಿಸಿ ಪಟ್ಟಿ ಕೂರುವಂತೆ ಮಾಡಿದೆವು. ಎಡಗಡೆ ಸಂದು ಕಿರಿದಾಯಿತು, ಸಾಲಲಿಲ್ಲ.

“ಇನ್ನೊಂದು ಹಾಕು.”

ಎರಡನೇ ಬ್ಯಾಟರಿ ಬಿದ್ದ ಮೇಲೆ ಎಡಗಡೆ ಬೆರಳಿಟ್ಟೆ. ಅಳೆದು ಮಾಡಿಸಿದ ಹಾಗೆ ಕೂತಿತು. ಬಲಗಡೆ ಹೊಸ ಕಾಗದ ತೂರಿಸಿ ಎಳೆದೆ. ಹಿಡಿಯಿತು, ಬಂತು. ಹಿಡಿದೂ ಹಿಡಿಯದ ಹಾಗೆ.

ಬೈರಯ್ಯನ ಕೈ ನನ್ನ ಕೈಮೇಲೆ ಬಂದು ಕೂತ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಬರಲಿ, ಗುಂಡಿಯೊಳಗೆ ಯಾರು ನೋಡುತ್ತಾರೆ.

“ಸಾಹೇಬ್ರೇ, ಈಗ ಕೇಳಿ!” ನಾನು ಮೆಟ್ಟಿಲೇರಿ, ಕಾರಿನ ಹಿಂಬದಿಯಲ್ಲಿ ನೆಲದ ಮಟ್ಟಕ್ಕೆ ತಲೆ ತಂದು ನಿಂತೆ. “ಸೋಮವಾರ ಈ ಸೀಟಲ್ಲಿ ಕೂತಿದ್ದು ಶ್ರೀಹರಿ. ಬೇರೆ ಯಾರು ಕೂತ್ರೂ ಈ ಲೆಕ್ಕ ಕೂಡಲ್ಲ. ಮನೇಲಿದ್ವಿ ಅಂದಿದ್ದು ಇಬ್ರೂ ಸುಳ್ಳು. ಆಮೇಲೆ ಡಿಕ್ಕೀಲಿ ಭಾರ ಇತ್ತು. ಎರಡು ಲಾರಿ ಬ್ಯಾಟರಿಯಷ್ಟು. ಅಂದ್ರೆ ಹೆಚ್ಚೂಕಮ್ಮಿ ಒಂದು ಮೂಟೆ ಅಕ್ಕಿ. ಅಂದ್ರೆ,” ನಾನು ವಾದಿರಾಜನ ಮುಖ ನೋಡಿ ಹೇಳಿದೆ, “ಒಬ್ಬಳು ಸಣಕಲು ಹುಡುಗಿ.”

ಏಕಾಂತಯ್ಯ ಡಿಕ್ಕಿಯಿಂದ ಕೈ ಹಿಂದಕ್ಕೆಳೆದುಕೊಂಡ.

“ನಿಮ್ ತಂಗಿ ಮೈಸೂರಲ್ಲಿಲ್ಲ ವಾದಿರಾಜ್. ಅವಳನ್ನ ಕೊಂದು ಡಿಕ್ಕೀಲಿ ಹಾಕ್ಕೊಂಡು ಬಂದ್ರಿ. ಕಾರಿನ ಹಿಂಭಾಗ ಇಳಿದಿರೋದು ಬೈರಯ್ಯನ ಕಣ್ಣಿಗೆ ಬೀಳದೆ ಇರತ್ತಾ? ಅವನ ಕಣ್ಣಿಗೆ ಬಿದ್ದಿದ್ದಕ್ಕೇ ಅವನ ಜೀವ ತೆಗೆದ್ರಿ. ಹೇಳಿ, ಸೋಮವಾರ ಈ ಡಿಕ್ಕೀಲಿ ಇಂಚರಾ ಇರ್ಲಿಲ್ಲ ಅಂತ ಹೇಳಿ ನೋಡೋಣ!”

ವಾದಿರಾಜ ನನ್ನನ್ನು ನೋಡಲಿಲ್ಲ. ಡಿಕ್ಕಿಯ ಹತ್ತಿರ ಬಂದು, ಒಳಗಿನ ಜಮಖಾನವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ನಾನು ಹೆದರಿದ ಮುಖಗಳನ್ನು ನೋಡಿದ್ದೇನೆ, ಸಿಕ್ಕಿಬಿದ್ದ ಮುಖಗಳನ್ನೂ ನೋಡಿದ್ದೇನೆ. ಇದು ಎರಡೂ ಅಲ್ಲ. ಕಳೆದುಹೋದ ಸಾಮಾನು ಸಿಕ್ಕವನ ಮುಖ ಹೀಗಿರುತ್ತದೆ. ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳಲು ಪುರುಸೊತ್ತೂ ಸಿಗಲಿಲ್ಲ.

“ಶ್ರೀಹರಿ,” ಅಂದ ಅವನು. “ಹೋಗು.”

ಮರುಕ್ಷಣ ಮೂಲೆಯ ಹಳದಿ ಬಾರ್ ಅವನ ಕೈಯಲ್ಲಿತ್ತು.

ಮೊದಲ ಏಟು ಬಸವಪ್ರಭುವಿನ ಮೊಣಕೈಗೆ. ಮೂಳೆ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸೊಂಟದಿಂದ ಅರ್ಧ ಎಳೆದಿದ್ದ ಪಿಸ್ತೂಲು ಕಾರಿನ ಕೆಳಗೆ ಜಾರಿಹೋಯಿತು. ಎರಡನೇ ಏಟು ಏಕಾಂತಯ್ಯನ ಕೆನ್ನೆಗೆ. ಅವನು ‘ಅಮ್ಮಾ’ ಅನ್ನಲೂ ಆಗದೆ ಡಿಕ್ಕಿಯ ಬಾಯಿಗೆ ಒರಗಿ ಕುಸಿದ.

ಮೂರನೆಯದು ನನ್ನ ತಲೆಗೆ. ಬಗ್ಗಿದೆ. ಬಾರ್ ಗುಂಡಿಯ ಅಂಚಿಗೆ ಬಡಿದು ಸಿಮೆಂಟಿನ ಚೂರು ಕಣ್ಣಿಗೆ ಹಾರಿತು. ಕಣ್ಣು ಬಿಡುವಷ್ಟರಲ್ಲಿ ಇನ್ನೊಂದು ಎಡಭುಜಕ್ಕೆ ಬಿತ್ತು. ಕೈ ಜೋತುಬಿತ್ತು. ನೋವು ಆಮೇಲೆ ಬಂತು, ಬಂದಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು.

“ಹಾದರಕ್ಕೆ ಹುಟ್ಟಿದೋನೇ!” ಅಂದೆ. ಮೆಟ್ಟಿಲ ಮೇಲಿದ್ದ ಬೈರಯ್ಯನ ಉದ್ದ ಸ್ಪ್ಯಾನರ್ ಬಲಗೈಗೆ ಸಿಕ್ಕಿತು. ಅವನ ಹಿಮ್ಮಡಿಯ ಹಿಂದೆ ಅದರ ಬಾಯಿ ಸಿಕ್ಕಿಸಿ, ಇದ್ದಬದ್ದ ಬಲವೆಲ್ಲ ಹಾಕಿ ಜಗ್ಗಿದೆ.

ಆ ಮೈ ಒಂದೇ ಸಲ ಬಿತ್ತು. ಗಲ್ಲ ಗುಂಡಿಯ ಕಬ್ಬಿಣದ ಅಂಚಿಗೆ ಬಡಿದು ಹಲ್ಲುಗಳು ನನ್ನ ಮೈಮೇಲೆ ಉದುರಿದವು. ಅಷ್ಟಕ್ಕೇ ನಿಲ್ಲಲಿಲ್ಲ ಪಾಪಿ. ಜಾರಿ ಗುಂಡಿಯೊಳಗೇ ಬಂದು ನನ್ನ ಮೇಲೆ ಬಿದ್ದು ಎರಡೂ ಕೈಯಿಂದ ಕುತ್ತಿಗೆ ಅಮುಕಿದ. ಅವನ ಬಾಯಿಂದ ರಕ್ತ ನನ್ನ ಬಾಯಿಗೆ ಸುರಿಯುತ್ತಿತ್ತು. ಸ್ಪ್ಯಾನರಿನಿಂದ ಪಕ್ಕೆಗೆ ಕುಟ್ಟಿದೆ, ಮತ್ತೆ ಕುಟ್ಟಿದೆ. ಒಳಗೆ ಏನೋ ಮುರಿಯಿತು. ಅವನ ಹಿಡಿತ ಬಿಡಲಿಲ್ಲ. ಮೇಲೆಲ್ಲೋ ಒಂದು ಬೈಕ್ ಸ್ಟಾರ್ಟ್ ಆದ ಸದ್ದು ಕೇಳಿತು. ಆಮೇಲೆ ಎಲ್ಲ ಕಪ್ಪಾಯಿತು.

ಮುಖಕ್ಕೆ ನೀರು ಬಿದ್ದು ಎಚ್ಚರವಾಯಿತು. ನನ್ನನ್ನು ಗುಂಡಿಯಿಂದ ಎತ್ತಿ ನೆಲದ ಮೇಲೆ ಮಲಗಿಸಿದ್ದರು. ಕ್ರೇನಿನವರಿಬ್ಬರು, ಹೊಸ ಪೊಲೀಸರು, ಬಾಗಿಲ ತುಂಬಾ ಜನ. ಎಷ್ಟು ಹೊತ್ತಾಗಿತ್ತೋ. ಬಸವಪ್ರಭು ಮುರಿದ ಕೈಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದ. ವಾದಿರಾಜನನ್ನು ಕಾರಿನ ಬಂಪರಿಗೆ ಬೇಡಿ ಹಾಕಿ ಬಿಗಿದಿದ್ದರು.

“ಗೆದ್ರಿ ಮೇಡಂ,” ಅಂದ ಬಸವಪ್ರಭು. “ಇವತ್ತೇ ರಿಪೋರ್ಟ್ ಬರೀತೀನಿ, ಅಮರ್‌ನ ಬಿಡಿಸ್ತೀನಿ. ಏಕಾಂತಯ್ಯನ ಆಸ್ಪತ್ರೆಗೆ ಕಳಿಸಿದೀನಿ, ಜೀವಕ್ಕೆ ಭಯ ಇಲ್ವಂತೆ. ಶ್ರೀಹರಿ ತಪ್ಪಿಸ್ಕೊಂಡ, ಎಲ್ಲಿಗೆ ಹೋಗ್ತಾನೆ ಬಿಡಿ, ಊರಿನ ರೋಡೆಲ್ಲ ಬಂದ್ ಮಾಡಿಸಿದೀನಿ.”

ಭುಜ ಉರಿದುಹೋಗುತ್ತಿದ್ದರೂ ಜೀವಕ್ಕೆ ತಂಪಾಯಿತು. ಹುಡುಗ ಉಳಿದ. ಬೈರಯ್ಯಾ, ನಿನ್ನ ಕುಂಕುಮದ ಬೊಟ್ಟು ಉಳಿಸಿತು ಕಣಯ್ಯ.

ಆಗ ವಾದಿರಾಜ ನಕ್ಕ. ಹಲ್ಲಿಲ್ಲದ ಬಾಯಿಯ ಆ ನಗು ನೋಡಿ ಕ್ರೇನಿನವನೊಬ್ಬ ಹಿಂದೆ ಸರಿದ.

“ನನ್ ಕಾರಲ್ಲೇ!” ಅಂದ, ರಕ್ತ ಉಗುಳುತ್ತಾ. “ಊರೆಲ್ಲ ಜಾಲಾಡಿದೆ. ಮೆಜೆಸ್ಟಿಕ್ ಲಾಡ್ಜೆಲ್ಲ ಹುಡುಕಿಸ್ದೆ. ನನ್ ಕಾರಿನ ಡಿಕ್ಕೀಲೇ ಇದ್ಲಾ ಅವಳು? ನಾವಿಬ್ರೂ ಇಲ್ಲೇ ನಿಂತಿದ್ವಲ್ಲ, ಅವಳ ಉಸಿರು ಕೇಳೋ ದೂರದಲ್ಲಿ!”

ನಾನು ಬಲಗೈ ಊರಿ ಎದ್ದು ಕೂತೆ.

“ಏನಂದೆ?”

“ಸೋಮವಾರ ಮನೆ ಬಿಟ್ಟು ಓಡಿಹೋದ್ಲು. ನಿಮ್ ಹುಡುಗನ್ನ ಕಟ್ಕೊತೀನಿ ಅಂತ. ನಮ್ ಮನೆ ಹೆಣ್ಣು, ನಿಮ್ಮಂಥೋರ ಮನೆಗೆ!” ಅವನು ಬೇಡಿಯನ್ನು ಜಗ್ಗಿದ. “ಎಲ್ಲಿ ಬಚ್ಚಿಟ್ಟಿದೀರ ಹೇಳು ಅಂದ್ರೆ ಆ ಮುದುಕ ಬಾಯಿ ಬಿಡ್ಲಿಲ್ಲ. ಮೂರು ಬೆರಳು ಮುರಿದ್ರೂ ಹೇಳ್ಲಿಲ್ಲ.” ಮತ್ತೆ ನಕ್ಕ. “ನೀವು ಹೇಳ್ಬಿಟ್ರಿ.”

ಡಿಕ್ಕಿಯಲ್ಲಿ ಇದ್ದದ್ದು ಹೆಣವಲ್ಲ.

ಎಲ್ಲ ಒಂದಾದ ಮೇಲೊಂದು ಎದೆಗೆ ಬಂದು ಬಡಿಯಿತು. ಅಣ್ಣ ಬರುವುದನ್ನು ಕಂಡು ಅಮರ್ ಅವಳನ್ನು ಡಿಕ್ಕಿಯಲ್ಲಿ ಅಡಗಿಸಿ ಕೀ ಜೇಬಿಗೆ ಹಾಕಿಕೊಂಡಿದ್ದಾನೆ. ಅವರು ಅವನನ್ನು ಬುಷ್ ತರಲು ಅಟ್ಟಿದ್ದಾರೆ. ಭಾರ ಯಾವುದೆಂದು ಬೈರಯ್ಯನಿಗೆ ಗೊತ್ತಾಗಿದೆ; ಗೊತ್ತಾದರೂ ತುಟಿ ಬಿಚ್ಚದೆ, ಆ ಹುಡುಗಿಯ ತೂಕವನ್ನೂ ಸೇರಿಸಿ ಸಂದು ಹಿಡಿದು ಬೊಟ್ಟಿಟ್ಟಿದ್ದಾನೆ. ಅವನ ಬೆರಳು ಮುರಿಯುವುದನ್ನು ಅವಳು ಕತ್ತಲಲ್ಲಿ ಮಲಗಿ ಕೇಳಿಸಿಕೊಂಡಿದ್ದಾಳೆ. ಅಮರ್ ವಾಪಸ್ ಬಂದು ಅವಳನ್ನು ಮನೆಗೆ ಮುಟ್ಟಿಸಿ, ತನ್ನ ಗುರುವಿನ ಹೆಣದ ಹತ್ತಿರ ತಿರುಗಿ ಬಂದು ಕೂತಿದ್ದಾನೆ. ಹಲ್ಲು ಉದುರಿಸಿಕೊಂಡೂ ಸುಮ್ಮನಿದ್ದಾನೆ. ಅವಳನ್ನು ಅಣ್ಣನ ಕೈಗೆ ಸಿಗದ ಕಡೆ ಸಾಗಿಸುವವರೆಗೆ ಎರಡು ದಿನ ಕೇಳಿದ್ದ, ಎರಡೇ ದಿನ.

ಮಹಡಿಗೆ ಹೋಗುತ್ತಿದ್ದ ಆ ತಟ್ಟೆ ಹೊತ್ತುಹೊತ್ತಿಗೂ ಖಾಲಿಯಾಗಿ ಕೆಳಗೆ ಬರುತ್ತಿತ್ತು. ನಾನೇ ಎಷ್ಟೋ ಸಲ ತೊಳೆದಿಟ್ಟಿದ್ದೆ. ಪೊಲೀಸ್ ಬುದ್ಧಿಯಂತೆ, ಥೂ!

“ಡಿಕ್ಕಿ ಕೀ ಅಮರ್ ಹತ್ರ ಇತ್ತು ಅಂದ್ರೆ ಹುಡುಗಿ ನಮ್ ಮನೇಲೇ ಅಂತ ಇವನಿಗೆ ಗೊತ್ತಾಯ್ತು. ನನ್ ಮನೆ ಎಲ್ಲಿ ಅಂತ ಬೆಳಿಗ್ಗೆ ನಾನೇ ಹೇಳ್ದೆ,” ಅಂದೆ ಬಸವಪ್ರಭುವಿಗೆ. “ಶ್ರೀರಾಂಪುರಕ್ಕೆ ಗಾಡಿ ಕಳಿಸ್ರೀ! ಈಗ್ಲೇ! ಫೋನ್ ಕೊಡಿ, ನನ್ ಫೋನ್ ಎಲ್ಲಿ?”

ಯಾರೋ ಫೋನ್ ಹಿಡಿದರು. ತಾಯಮ್ಮನ ನಂಬರ್ ಒತ್ತಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಎತ್ತು ತಾಯಿ, ಎತ್ತು.

“ಅಕ್ಕಾ!” ತಾಯಮ್ಮನ ದನಿಯಲ್ಲಿ ನಗು, ಅಳು ಎರಡೂ ಇತ್ತು. “ನಿಂಗೇ ಮಾಡ್ಬೇಕು ಅಂತಿದ್ದೆ. ಅಮರ್‌ನ ಬಿಟ್ರಂತಲ್ಲ! ನಮ್ಮಪ್ಪ ಮಂಜುನಾಥ ಕಣ್ಬಿಟ್ಟ.”

“ಯಾರೇ ಹೇಳಿದ್ದು ನಿಂಗೆ?”

“ಅವನ ಸ್ನೇಹಿತ ಬಂದಿದಾನಲ್ಲ, ಬೈಕಲ್ಲಿ. ಸಣ್ಣಗೆ, ಒಳ್ಳೆ ಹುಡುಗ. ಇಂಚರಾನ ಕರ್ಕೊಂಡ್ ಬಾ ಅಂತ ಅಮರನೇ ಕಳಿಸಿದ್ದಂತೆ. ಅಕ್ಕ, ನಿಂಗೆ ಹೇಳ್ದೆ ಮುಚ್ಚಿಟ್ಟೆ ಅಂತ ಬೈಬೇಡ್ವೇ, ಆ ಮಗು ಗಡಗಡ ನಡುಗ್ತಿತ್ತು, ಯಾರಿಗೂ ಹೇಳ್ಬೇಡ ಅಂತ ಅಮರ್ ಆಣೆ ಹಾಕಿಸ್ಕೊಂಡಿದ್ದ...”

“ತಾಯಮ್ಮ! ಅವನೆಲ್ಲಿದಾನೆ ಈಗ?”

“ಇಲ್ಲೇ ಇದ್ದ ಕಣಕ್ಕ. ಕಾಫಿ ಮಾಡ್ತೀನಿ ಅಂದ್ರೂ ಬೇಡ ಅಂದ. ಮಹಡಿ ಹತ್ತಿದ ನೋಡು, ಈಗ ತಾನೇ.”

ಫೋನಿನಲ್ಲಿ, ಮೇಲೆಲ್ಲೋ, ತಟ್ಟೆಯೊಂದು ಬಿದ್ದು ಉರುಳಿದ ಸದ್ದು ಕೇಳಿಸಿತು.